ಹೊತ್ತು ಮುಳುಗುವ ಮುಂಚೆ

ಮೇಜಿನ ಮೇಲೆ ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ನಕ್ಷೆ ಹರಡಿ ಎರಡು ವಾರವಾಯಿತು. ಮಡಿಕೆ ಬಿದ್ದಲ್ಲೆಲ್ಲ ಕಾಗದ ಸವೆದು ತೂತಾಗಿದೆ. ಟೆಕಾಪೊ ಸರೋವರದ ಅರ್ಧ ಭಾಗ ಅಂಥದೊಂದು ತೂತಿನಲ್ಲೇ ಹೋಗಿದೆ. ಪಕ್ಕದಲ್ಲಿ ನೋಟ್‌ಬುಕ್ಕು, ಅದರಲ್ಲಿ ಪೆನ್ಸಿಲಿನಲ್ಲಿ ಎಳೆದ ನಾಲ್ಕು ಕಾಲಂ: ತಾರೀಖು, ದಾರಿ, ಟೆಂಟ್ ಹಾಕುವ ಜಾಗ, ಹೊತ್ತು ಮುಳುಗುವ ಸಮಯ. ಹಿಂದಿನ ಸಲ ಈ ಕೊನೆಯ ಕಾಲಂ ಇರಲಿಲ್ಲ. ಅದರ ಜಾಗದಲ್ಲಿ ಕಿಲೋಮೀಟರ್ ಬರೆದಿದ್ದೆ.

ಹಿಂದಿನ ಸಲ ಅಂದರೆ ಮೂರು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ. ಅಕ್ಕ ಇರುವುದು ಕ್ರೈಸ್ಟ್‌ಚರ್ಚ್‌ನಲ್ಲಿ. ಅದಕ್ಕೂ ಮುಂಚೆ ಒಮ್ಮೆ ಜನವರಿಯಲ್ಲಿ ಅವಳ ಮನೆಗೆ ಹೋಗಿದ್ದಾಗ ರಾತ್ರಿ ಒಂಬತ್ತಕ್ಕೂ ಹಿತ್ತಲಲ್ಲಿ ಬೆಳಕಿತ್ತು. ಆ ಬೇಸಿಗೆಯ ಬೆಳಕು ತಲೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಹಾಗಾಗಿ ನಾನೂ ಮಗಳೂ ಅಕ್ಕನ ಕಾರು ತೆಗೆದುಕೊಂಡು ಹೊರಟಾಗ ಹನ್ನೊಂದೂವರೆ ಆಗಿದ್ದರೂ ಅವಸರ ಅನಿಸಲಿಲ್ಲ. ಟೆಕಾಪೊಗೆ ಸುಮಾರು 225 ಕಿಲೋಮೀಟರ್, ಅಲ್ಲಿಂದ ಔರಾಕಿ ಬೆಟ್ಟದ ಬುಡಕ್ಕೆ ಮತ್ತೆ ನೂರು ಚಿಲ್ಲರೆ. ನಾಲ್ಕೂವರೆ ಗಂಟೆಯ ದಾರಿ. ಲೆಕ್ಕವೇನೂ ತಪ್ಪಿರಲಿಲ್ಲ. ಆದರೆ ಪುಕಾಕಿ ಸರೋವರದ ಹಾಲು ಬೆರೆಸಿದಂಥ ನೀಲಿ ಕಂಡ ಮೇಲೆ ಕಾರು ನಿಲ್ಲಿಸದೆ ಇರುವುದು ಹೇಗೆ? ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಮಾಡಿದ ನುಣ್ಣನೆಯ ಹಿಟ್ಟು ನೀರಿನಲ್ಲಿ ತೇಲುವುದರಿಂದ ಬರುವ ಬಣ್ಣ ಅದು. ಮೂರು ಕಡೆ ನಿಂತೆವು. ಕ್ಯಾಂಪ್‌ಸೈಟ್ ತಲುಪಿದಾಗ ಆರೂವರೆ. ಆಗಲೇ ಕತ್ತಲೆ ಕವಿದಿತ್ತು.

ಹೆಡ್‌ಲ್ಯಾಂಪ್ ಬೆಳಕಿನಲ್ಲಿ ನೆಲ ಸಮವಾಗಿ ಕಂಡ ಕಡೆ ಟೆಂಟ್ ಹಾಕಿದೆ. ಗಾಳಿಗೆ ಮರೆ ಇದೆ, ಹುಲ್ಲು ಮೆತ್ತಗಿದೆ ಎಂದು ಸಮಾಧಾನವೂ ಆಯಿತು. ಅದು ತಗ್ಗು ಎಂದು ಗೊತ್ತಾದದ್ದು ಬೆಳಗಾದ ಮೇಲೆ. ರಾತ್ರಿಯ ತಣ್ಣನೆಯ ಗಾಳಿ ಭಾರ. ಇಳಿಜಾರಿನಲ್ಲಿ ನೀರಿನಂತೆ ಹರಿದು ಬಂದು ತಗ್ಗಿನಲ್ಲಿ ಮಡುಗಟ್ಟುತ್ತದೆ. ನಮ್ಮ ಉಸಿರಿನ ತೇವ ಟೆಂಟಿನ ಒಳಮೈಗೆ ಅಂಟಿ, ಹೆಪ್ಪುಗಟ್ಟಿ, ಬೆಳಿಗ್ಗೆ ಜಿಪ್ ಎಳೆದ ಕೂಡಲೇ ಪುಡಿಪುಡಿಯಾಗಿ ಮುಖದ ಮೇಲೆ ಉದುರಿತು. "ಅಮ್ಮಾ, ಟೆಂಟ್ ಒಳಗೇ ಹಿಮ ಬೀಳ್ತಿದೆ" ಎಂದಳು ಮಗಳು. ಅವಳಿಗಾಗ ಒಂಬತ್ತು ವರ್ಷ. ತುಟಿ ನೀಲಿಗಟ್ಟಿತ್ತು. ಅವಳನ್ನು ಕಾರಿನಲ್ಲಿ ಕೂರಿಸಿ, ಹೀಟರ್ ಹಾಕಿ, ಬಿಸಿಲಿಗಾಗಿ ಕಾದೆ. ಪೂರ್ವದ ಬೆಟ್ಟದ ಸಾಲು ದಾಟಿ ಬಿಸಿಲು ನಮ್ಮ ಮೇಲೆ ಬೀಳಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ವಾಪಸು ಅಕ್ಕನ ಮನೆಯ ದಾರಿ ಹಿಡಿದಿದ್ದೆವು. ಹತ್ತು ದಿನದ ಪ್ರವಾಸ ಒಂದೇ ರಾತ್ರಿಗೆ ಮುಗಿಯಿತು.

"ದಾರಿ ಲೆಕ್ಕ ಹಾಕ್ದೆ, ಹೊತ್ತಿನ ಲೆಕ್ಕ ಹಾಕ್ಲಿಲ್ಲ ಕಣೇ ನೀನು" ಎಂದಳು ಅಕ್ಕ, ಮಗಳ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಾ.

ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಸಮಯಕ್ಕೂ ಹೊತ್ತು ಅನ್ನುತ್ತೇವೆ, ಸೂರ್ಯನಿಗೂ ಹೊತ್ತು ಅನ್ನುತ್ತೇವೆ. ಹೊತ್ತು ಹುಟ್ಟುತ್ತದೆ, ಹೊತ್ತು ಏರುತ್ತದೆ, ಹೊತ್ತು ಮುಳುಗುತ್ತದೆ. ಗಡಿಯಾರ ಬಂದ ಮೇಲೆ ಇವೆರಡೂ ಬೇರೆ ಬೇರೆ ಎಂದು ನಾವು ಅಂದುಕೊಂಡೆವು. ಟೆಂಟಿನಲ್ಲಿ ಮಲಗುವವರಿಗೆ ಮಾತ್ರ ಅವು ಮತ್ತೆ ಒಂದೇ ಆಗುತ್ತವೆ, ಅದರಲ್ಲೂ ಎಲೆ ಉದುರುವ ಕಾಲದಲ್ಲಿ.

ಲೆಕ್ಕವನ್ನೇ ಹೇಳುತ್ತೇನೆ. ದಕ್ಷಿಣ ಗೋಳಾರ್ಧದಲ್ಲಿ ಮಾರ್ಚ್, ಏಪ್ರಿಲ್, ಮೇ ಶರತ್ಕಾಲ. ನ್ಯೂಜಿಲೆಂಡಿನಲ್ಲಿ ಏಪ್ರಿಲ್ ತಿಂಗಳ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಹಿಂದಿನ ಸಂಜೆ ಏಳೂವರೆಯ ಆಸುಪಾಸಿನಲ್ಲಿ ಮುಳುಗುತ್ತಿದ್ದ ಸೂರ್ಯ ಮರುದಿನ ಆರೂವರೆಯ ಆಸುಪಾಸಿಗೇ ಮುಳುಗುತ್ತಾನೆ. ಏಪ್ರಿಲ್ 20ರ ಹೊತ್ತಿಗೆ ಟೆಕಾಪೊದಲ್ಲಿ ಸೂರ್ಯಾಸ್ತ ಆರಕ್ಕಿಂತ ಮುಂಚೆಯೇ. ಡಿಸೆಂಬರ್ ಕೊನೆಯಲ್ಲಿ ಹದಿನೈದೂವರೆ ಗಂಟೆ ಇದ್ದ ಹಗಲು ಆಗ ಹತ್ತೂವರೆ ಗಂಟೆಗೆ ಬಂದಿರುತ್ತದೆ, ಆಮೇಲೂ ದಿನಕ್ಕೆ ಎರಡೂವರೆ ನಿಮಿಷದಂತೆ ಕರಗುತ್ತಲೇ ಹೋಗುತ್ತದೆ. ಆ ಹತ್ತೂವರೆಯೂ ಪೂರ್ತಿ ನಮ್ಮದಲ್ಲ. ಬೆಳಗಿನ ಮೊದಲ ಒಂದೂವರೆ ಗಂಟೆ ಟೆಂಟ್ ಮೇಲಿನ ಇಬ್ಬನಿ ಒಣಗಲು ಬೇಕು. ಒದ್ದೆ ಟೆಂಟ್ ಮಡಚಿಟ್ಟರೆ ಮುಂದಿನ ರಾತ್ರಿ ಒದ್ದೆಯಲ್ಲೇ ಮಲಗಬೇಕು. ಸಂಜೆಯ ಕಡೆ ಎರಡು ಗಂಟೆ ಜಾಗ ನೋಡಿ ಟೆಂಟ್ ಹಾಕಿ ಅಡುಗೆ ಮುಗಿಸಲು ಬೇಕು. ಉಳಿಯುವುದು ಏಳು ಗಂಟೆ. ನಡೆದಾಡಲು, ಸುಮ್ಮನೆ ಕೂರಲು ನಾಲ್ಕಾದರೂ ಬೇಡವೇ? ಹಾಗಾಗಿ ಈ ಸಲ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಇಲ್ಲ, ಮೂರೂವರೆಯ ಒಳಗೆ ಕ್ಯಾಂಪ್‌ಸೈಟ್ ಸೇರಬೇಕು. ಇದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಅಡಿಗೆರೆ ಎಳೆದಿದ್ದೇನೆ.

ಇನ್ನೊಂದು ವಿಷಯ ತಲೆಗೆ ಹತ್ತಲು ನನಗೆ ತುಂಬಾ ದಿನ ಬೇಕಾಯಿತು. ಅಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ. ಬೆಟ್ಟದ ದಕ್ಷಿಣ ಮಗ್ಗುಲಿಗೆ ಶರತ್ಕಾಲದಲ್ಲಿ ಬಿಸಿಲು ಸರಿಯಾಗಿ ಬೀಳುವುದೇ ಇಲ್ಲ. ಅಲ್ಲಿನ ರಸ್ತೆ ತಿರುವುಗಳಲ್ಲಿ ಕಣ್ಣಿಗೆ ಕಾಣದ ತೆಳು ಮಂಜುಗಡ್ಡೆ ಮಧ್ಯಾಹ್ನದವರೆಗೂ ಉಳಿದಿರಬಹುದು. ಟೆಂಟ್‌ಗೆ ಬೇಕಾದದ್ದು ಪೂರ್ವಕ್ಕೂ ಉತ್ತರಕ್ಕೂ ತೆರೆದ, ತಗ್ಗಿಗಿಂತ ಹತ್ತಿಪ್ಪತ್ತು ಅಡಿಯಾದರೂ ಮೇಲಿರುವ ಜಾಗ. ನಕ್ಷೆಯ ಎತ್ತರದ ಗೆರೆಗಳನ್ನು ಓದಲು ಈಗ ಕಲಿತಿದ್ದೇನೆ. ಪ್ರತಿ ಕ್ಯಾಂಪ್‌ಸೈಟಿನ ಪಕ್ಕದಲ್ಲೂ ಯಾವ ದಿಕ್ಕಿಗೆ ಬೆಟ್ಟ ಇದೆ ಎಂದು ಬಾಣ ಹಾಕಿಟ್ಟಿದ್ದೇನೆ.

ಇಷ್ಟೆಲ್ಲ ಕಷ್ಟಪಟ್ಟು ಬೇಸಿಗೆ ಬಿಟ್ಟು ಶರತ್ಕಾಲಕ್ಕೇ ಯಾಕೆ ಹೋಗಬೇಕು? ಒಟಾಗೊ ಪ್ರಾಂತ್ಯದ ಆ ಹಳದಿಗಾಗಿ.

ಮರಗಳೂ ಹೊತ್ತಿನ ಲೆಕ್ಕವನ್ನೇ ಹಾಕುತ್ತವೆ. ರಾತ್ರಿ ಉದ್ದವಾಗುತ್ತಿದೆ ಎಂದು ತಿಳಿದ ಮರ ಎಲೆಯ ತೊಟ್ಟಿನ ಬುಡದಲ್ಲಿ ಒಂದು ಪದರ ಬೆಳೆಸಿ ಬಾಗಿಲು ಮುಚ್ಚತೊಡಗುತ್ತದೆ. ಹಸಿರು ಕಳಚುತ್ತದೆ. ಎಲೆಯಲ್ಲಿ ಮೊದಲಿನಿಂದಲೂ ಇದ್ದು ಹಸಿರಿನಡಿ ಅಡಗಿದ್ದ ಹಳದಿ ಆಗ ಹೊರಬರುತ್ತದೆ. ಕೆಂಪಿನ ಕಥೆ ಬೇರೆ, ಬಹುಮಟ್ಟಿಗೆ ಅದು ಆ ಕೊನೆಯ ದಿನಗಳಲ್ಲಿ ಹೊಸದಾಗಿ ತಯಾರಾಗುವ ಬಣ್ಣ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಚಳಿ ಇದ್ದರೆ ಕೆಂಪು ಗಾಢವಾಗುತ್ತದೆ. ಮಧ್ಯ ಒಟಾಗೊಗೆ ಆ ಹವೆ ಕೊಡುವುದು ದ್ವೀಪದ ಉದ್ದಕ್ಕೂ ನಿಂತ, ದಕ್ಷಿಣದ ಆಲ್ಪ್ಸ್ ಎನ್ನುವ ಬೆಟ್ಟಸಾಲು. ಪಶ್ಚಿಮದಿಂದ ಬರುವ ಮೋಡಗಳನ್ನು ಅದು ತಡೆದು ಹಿಂಡಿಬಿಡುತ್ತದೆ. ಆ ಬದಿಯ ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6 ಮೀಟರ್‌ಗಿಂತ ಹೆಚ್ಚು ಮಳೆ, ಈ ಬದಿಯ ಅಲೆಕ್ಸಾಂಡ್ರದಲ್ಲಿ 400 ಮಿಲಿಮೀಟರ್ ಕೂಡ ಇಲ್ಲ. ಮೋಡವಿಲ್ಲದ ರಾತ್ರಿ ನೆಲದ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಇದೇ ಸೀಮೆಯ ಓಫಿರ್ ಎಂಬ ಪುಟ್ಟ ಊರಿನಲ್ಲಿ 1995ರ ಜುಲೈನಲ್ಲಿ ಮೈನಸ್ 21.6 ಡಿಗ್ರಿ ದಾಖಲಾಗಿದೆ. ನನ್ನ ಮಗಳ ತುಟಿ ನೀಲಿಗಟ್ಟಿಸಿದ್ದೂ ಎಲೆಗೆ ಕೆಂಪು ಹಚ್ಚುವುದೂ ಒಂದೇ ಚಳಿ.

ಆದರೆ ಆ ಮರಗಳು ಯಾರವು? ಈ ಪ್ರಶ್ನೆ ಪ್ಲಾನ್ ಮಾಡುತ್ತಾ ಕೂತಾಗ ಎದುರಾದದ್ದು, ಈಗ ಬಿಡುತ್ತಲೇ ಇಲ್ಲ. ನ್ಯೂಜಿಲೆಂಡಿನ ಮೂಲ ಕಾಡು ಹೆಚ್ಚೂಕಡಿಮೆ ಪೂರ್ತಿ ನಿತ್ಯಹಸಿರು. ಚಳಿಗೆ ಎಲೆ ಉದುರಿಸುವ ಅಲ್ಲಿನದೇ ಮರಗಳು ಬೆರಳೆಣಿಕೆಯಷ್ಟು: ಕೊಟುಕುಟುಕು ಎಂಬ ಮರದಷ್ಟು ದೊಡ್ಡದಾಗುವ ಫ್ಯೂಶಿಯಾ, ಬೆಟ್ಟದ ಮೇಲಿನ ರಿಬ್ಬನ್‌ವುಡ್, ಇನ್ನು ಕೆಲವು. ಒಟಾಗೊದ ಆರೋಟೌನ್ ಎಂಬ ಊರಿನ ಫೋಟೋಗಳಲ್ಲಿ ಕಾಣುವ ಆ ಬೆಂಕಿಯಂಥ ಬೆಟ್ಟ ವಲಸೆ ಬಂದದ್ದು. 1862ರಲ್ಲಿ ಆರೋ ನದಿಯಲ್ಲಿ ಚಿನ್ನ ಸಿಕ್ಕಿತು, ಜನ ಮುಗಿಬಿದ್ದರು. ಆಮೇಲೆ ನೆಲೆ ನಿಂತವರು ತಮ್ಮ ಊರಿನ ನೆರಳು ಬೇಕೆಂದು ಓಕ್, ಸಿಕಮೋರ್, ಪಾಪ್ಲರ್, ವಿಲೋ ನೆಟ್ಟರು. 1860ರ ದಶಕದಲ್ಲೇ ಚೀನಾದಿಂದಲೂ ಗಣಿಗಾರರು ಬಂದರು. ನದಿದಂಡೆಯಲ್ಲಿ ಅವರ ಪುಟ್ಟ ಪುಟ್ಟ ಕಲ್ಲಿನ ಗುಡಿಸಲುಗಳು ಇಂದಿಗೂ ಇವೆ. ಮರಗಳು ತೋಟದೊಳಗೆ ನಿಲ್ಲಲಿಲ್ಲ. ಸಿಕಮೋರ್, ರೋವನ್, ಲಾರ್ಚ್ ತಾವೇ ಬೀಜ ಚೆಲ್ಲಿಕೊಂಡು ಗುಡ್ಡ ಹತ್ತಿದವು. ಟೆಕಾಪೊ ಸುತ್ತಲಿನ ಮೆಕೆಂಜಿ ಬಯಲಿನಲ್ಲಿ ಹೊರಗಿನಿಂದ ಬಂದ ಪೈನ್‌ಗಳು ಅಲ್ಲಿನ ಟಸಕ್ ಹುಲ್ಲನ್ನು ನುಂಗುತ್ತಿವೆ, ಅವನ್ನು ಕಡಿದು ತೆಗೆಯಲು ಸರ್ಕಾರವೂ ಊರಿನವರೂ ವರ್ಷಗಟ್ಟಲೆಯಿಂದ ಹೆಣಗುತ್ತಿದ್ದಾರೆ. ನಾನು ಅಷ್ಟು ದೂರದಿಂದ ನೋಡಲು ಹೋಗುತ್ತಿರುವ ಬಣ್ಣದಲ್ಲಿ ಆ ನೆಲಕ್ಕೆ ಹೊರೆಯಾದ ಗಿಡಗಳೂ ಇವೆ ಎಂದು ತಿಳಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ಹೋಗುವ ಆಸೆ ಕಡಿಮೆಯಾಗಲಿಲ್ಲ. ಆದರೆ ಪಟ್ಟಿಗೆ ಒಂದು ಕೊಟುಕುಟುಕು ಮರ ಸೇರಿತು. ಅದರ ತೊಗಟೆ ಕಾಗದದಂತೆ ಸುಲಿದು ಕಿತ್ತಳೆ ಬಣ್ಣದಲ್ಲಿ ಜೋತಾಡುತ್ತದಂತೆ. ಅದನ್ನು ಹುಡುಕಿ, ಬುಡದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಅಲ್ಲಿನ ಮೂಲನಿವಾಸಿಗಳ ಮಾವೊರಿ ಭಾಷೆಯಲ್ಲಿ ಶರತ್ಕಾಲಕ್ಕೆ ಙಹುರು ಎನ್ನುತ್ತಾರೆ. ಅಕ್ಷರಮಾಲೆಯಲ್ಲಿ ಕಲಿತು, ಆಮೇಲೆ ಬಿಡಿಯಾಗಿ ಬರೆಯುವ ಪ್ರಮೇಯವೇ ಬಾರದ ನಮ್ಮ ಙ ಅಲ್ಲಿ ಪದದ ಮೊದಲಿಗೇ ನಿಂತಿದೆ! ಆ ಪದಕ್ಕೆ ಸುಗ್ಗಿ ಎಂಬ ಅರ್ಥವೂ ಇದೆ. ನಿತ್ಯಹಸಿರು ಕಾಡಿನ ನಡುವೆ ಬದುಕಿದವರ ಶರತ್ಕಾಲ ಎಲೆಯ ಬಣ್ಣದ್ದಲ್ಲ, ನೆಲದಿಂದ ಕೂಮರ ಗೆಣಸು ಅಗೆದು ಒಟ್ಟುವ ಕಾಲ. ಮಗಳು ಙಹುರು, ಙಹುರು ಎಂದು ಮನೆಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳೆ.

ಹೋದ ಭಾನುವಾರ ಇಬ್ಬರೂ ಕೂತು ಟ್ರೆಕಿಂಗ್ ಶೂ ತೊಳೆದೆವು. ನ್ಯೂಜಿಲೆಂಡಿಗೆ ಹೋಗುವವರು ಟೆಂಟ್, ಶೂ, ತಿನ್ನುವ ಪದಾರ್ಥ ಎಲ್ಲವನ್ನೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ದಂಡದ ಭಯಕ್ಕಿಂತ ಹೆಚ್ಚಾಗಿ ಆ ಗುಡ್ಡ ಹತ್ತಿದ ಮರಗಳು ನೆನಪಾಗುತ್ತಿದ್ದವು. ಹಳೆಯ ಟೂತ್‌ಬ್ರಶ್, ಬಿಸಿನೀರು, ಸೋಪು. ಶೂವಿನ ಅಡಿಯ ಹಲ್ಲುಗಳ ಸಂದಿಯಿಂದ ಮಣ್ಣು ಕೆರೆದು ತೆಗೆದೆವು. ಟೆಂಟಿನ ಗೂಟಗಳನ್ನು ಒಂದೊಂದಾಗಿ ಒರೆಸಿದೆವು. ಟೆಂಟ್ ತಿರುವಿಹಾಕಿ ಕೊಡವುವಾಗ ಜಿಪ್ಪಿನ ಮಡಿಕೆಯಲ್ಲಿ ಒಂದು ಬೀಜ ಸಿಕ್ಕಿತು: ಎಳ್ಳಿನಷ್ಟು ಸಣ್ಣದು, ಕಂದು, ತುದಿಗೆ ಎರಡು ಕೊಕ್ಕೆ. ಯಾವ ಗಿಡದ್ದೋ, ಎಷ್ಟು ವರ್ಷದಿಂದ ಅಲ್ಲಿ ಕೂತಿತ್ತೋ. ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಭೂತಗನ್ನಡಿಯಲ್ಲಿ ನೋಡಿದಳು. "ಇದೊಂದು ಹೋಗಿದ್ರೆ ಏನಾಗ್ತಿತ್ತು ಅಮ್ಮ?" ಏನೂ ಆಗದಿರಬಹುದು. ಒಂದು ಗುಡ್ಡ ತುಂಬಲೂಬಹುದು. ನೀರಿನಲ್ಲೂ ಇದೇ ಕಥೆ. ಡಿಡಿಮೊ ಎಂಬ ಪಾಚಿ 2004ರಲ್ಲಿ ದಕ್ಷಿಣ ದ್ವೀಪದ ನದಿಗಳಲ್ಲಿ ಕಾಣಿಸಿಕೊಂಡ ಮೇಲೆ, ಒಂದು ನದಿಯಲ್ಲಿ ಒದ್ದೆಯಾದ ಶೂವನ್ನು ತೊಳೆದು ಒಣಗಿಸದೆ ಇನ್ನೊಂದು ನದಿಗೆ ಇಳಿಯಬಾರದು.

ದಾರಿ ಗೊತ್ತು ಮಾಡುವುದೆಂದರೆ ಬಿಡುವುದನ್ನು ಗೊತ್ತು ಮಾಡುವುದೇ. ಮಿಲ್ಫರ್ಡ್ ಬಿಟ್ಟೆ. ಪಶ್ಚಿಮ ಕರಾವಳಿಯನ್ನೂ ಬಿಟ್ಟೆ. ಆ ಮಳೆಕಾಡು ಎಷ್ಟೇ ಚೆನ್ನಾಗಿದ್ದರೂ ಶರತ್ಕಾಲದ ಬಣ್ಣ ಅಲ್ಲಿಲ್ಲ, ಬೆಟ್ಟದಾಚೆಗೆ ಹೋಗಿಬರುವುದಕ್ಕೇ ಎರಡು ಹಗಲು ಬೇಕು. ಉಳಿದದ್ದು ಒಂದು ಸುತ್ತು: ಟೆಕಾಪೊ, ಔರಾಕಿ, ಒಮರಾಮ, 971 ಮೀಟರ್ ಎತ್ತರದ ಲಿಂಡಿಸ್ ಕಣಿವೆಹಾದಿ, ವಾನಕ, ಅಲ್ಲಿಂದ ಕ್ರೌನ್ ರೇಂಜ್ ಹತ್ತಿ ಇಳಿದು ಆರೋಟೌನ್, ವಾಪಸು ಮ್ಯಾನಿಯೋಟೋಟೊ ಬಯಲಿನ ಮೂಲಕ. ಕ್ರೌನ್ ರೇಂಜ್ ರಸ್ತೆ 1,076 ಮೀಟರ್‌ಗೆ ಏರುತ್ತದೆ, ಅದನ್ನು ಹನ್ನೊಂದು ಗಂಟೆಯ ನಂತರವೇ ಹತ್ತಬೇಕು, ಮಂಜು ಕರಗಿರಲಿ ಎಂದು. ಇಳಿಹೊತ್ತಿನಲ್ಲಿ ಪಶ್ಚಿಮಕ್ಕೆ ಓಡಿಸುವುದೂ ಬೇಡ. ತಗ್ಗಿನ ಬಿಸಿಲು ನೇರ ಕಣ್ಣಿಗೆ ಹೊಡೆದು ರಸ್ತೆಯೇ ಕಾಣದಂತಾಗುತ್ತದೆ, ಅಲ್ಲಿನವರು ಅದಕ್ಕೆ ಸನ್‌ಸ್ಟ್ರೈಕ್ ಎನ್ನುತ್ತಾರೆ. ಒಂದೇ ಗಾಡಿಯ ಅಗಲದ ಸೇತುವೆಗಳು ದಾರಿಯಲ್ಲಿ ಬರುತ್ತವೆ. ನಮ್ಮ ದಿಕ್ಕಿನ ಬಾಣ ಫಲಕದಲ್ಲಿ ಕೆಂಪಗಿದ್ದರೆ ನಿಂತು ಎದುರಿನವರಿಗೆ ದಾರಿ ಬಿಡಬೇಕು. ಭಾವ ಇದನ್ನು ಫೋನಿನಲ್ಲಿ ಮೂರು ಸಲ ಹೇಳಿದ್ದಾರೆ.

ಕಂಡಕಂಡಲ್ಲಿ ತಂಗುವ ಕಾಲ ಅಲ್ಲಿ ಮುಗಿದಿದೆ. 2011ರ ಕಾನೂನನ್ನು 2023ರಲ್ಲಿ ಬಿಗಿ ಮಾಡಿದರು. ಕೌನ್ಸಿಲ್ ಜಾಗಗಳಲ್ಲಿ ಪುಕ್ಕಟೆ ತಂಗಬೇಕಾದರೆ ಸಾಮಾನ್ಯವಾಗಿ ಕೂರಿಸಿದ ಶೌಚಾಲಯವಿರುವ, ಪ್ರಮಾಣಪತ್ರ ಪಡೆದ ಕ್ಯಾಂಪರ್‌ವ್ಯಾನ್ ಬೇಕು. ನಮ್ಮದು ಕಾರು, ಟೆಂಟು. ಹಾಗಾಗಿ ಸಂರಕ್ಷಣಾ ಇಲಾಖೆಯ, ಅಂದರೆ ಎಲ್ಲರೂ ಡಾಕ್ ಎನ್ನುವ ಇಲಾಖೆಯ ಕ್ಯಾಂಪ್‌ಸೈಟುಗಳು, ಮೂರು ರಾತ್ರಿಗೊಮ್ಮೆ ಬಿಸಿನೀರೂ ಅಡುಗೆಮನೆಯೂ ಇರುವ ಹಾಲಿಡೇ ಪಾರ್ಕ್. ಏಪ್ರಿಲ್‌ನಲ್ಲಿ ಶಾಲೆಗಳಿಗೆ ಎರಡು ವಾರ ರಜೆ, 25ಕ್ಕೆ ಯುದ್ಧದಲ್ಲಿ ಮಡಿದವರನ್ನು ನೆನೆಯುವ ಆನ್ಜಾಕ್ ದಿನದ ರಜೆ, ಈಸ್ಟರ್ ಕೂಡ ಆಗಾಗ ಇದೇ ತಿಂಗಳು. ಚಳಿ ಶುರುವಾಗಿದೆ, ಜಾಗ ಸಿಕ್ಕೇ ಸಿಗುತ್ತದೆ ಎಂದು ಹೋದರೆ ಆಗುವುದಿಲ್ಲ.

ಸಾಮಾನಿನ ವಿಷಯದಲ್ಲಿ ಹೇಳಬೇಕಾದದ್ದು ಒಂದೇ. ಹಿಂದಿನ ಸಲ ನಾನು ಸ್ಲೀಪಿಂಗ್ ಬ್ಯಾಗ್ ಚೀಟಿಯ ಮೇಲಿನ ಕಡಿಮೆ ಸಂಖ್ಯೆ ನೋಡಿ ಕೊಂಡಿದ್ದೆ. ಅದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯಬಹುದಾದ ಮಿತಿ. ಹಾಯಾಗಿ ನಿದ್ದೆ ಬರುವ ಉಷ್ಣತೆಯನ್ನು ಕಂಫರ್ಟ್ ಎಂದು ಬೇರೆಯಾಗಿ ಬರೆದಿರುತ್ತಾರೆ, ನೋಡಬೇಕಾದದ್ದು ಅದನ್ನು. ಎಷ್ಟು ದಪ್ಪ ಬ್ಯಾಗ್ ಆದರೂ ಮೈಯಡಿಯಲ್ಲಿ ಅದುಮಿ ಚಪ್ಪಟೆಯಾಗುತ್ತದೆ, ನೆಲ ಬಿಸಿಯನ್ನು ಹೀರುತ್ತಲೇ ಇರುತ್ತದೆ. ದುಡ್ಡು ಖರ್ಚು ಮಾಡುವುದಾದರೆ ಮೊದಲು ಮ್ಯಾಟ್‌ಗೆ ಮಾಡಬೇಕು. ಉಸಿರಿನ ತೇವ ಹೊರಹೋಗಲು ಟೆಂಟಿನ ಮೇಲಿನ ಕಿಂಡಿಯನ್ನು ಚಳಿಯಲ್ಲೂ ತೆರೆದಿಡಬೇಕು. ಗ್ಯಾಸ್ ಕ್ಯಾನನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲೇ ಕೊಳ್ಳಬೇಕು. ಎಷ್ಟೇ ಚಳಿಯಿದ್ದರೂ ಸ್ಟೌ ಟೆಂಟಿನೊಳಗೆ ಹಚ್ಚಕೂಡದು.

ಈ ಸಲ ಅಕ್ಕನೂ ಬರುತ್ತಾಳೆ. ಸಂಜೆ ನಾಲ್ಕಕ್ಕೆ ಟೆಂಟ್ ಹಾಕಿ ಕೂತು, ಬೆಟ್ಟದ ನೆರಳು ಕಣಿವೆ ದಾಟಿ ನಮ್ಮ ಕಡೆ ಬರುವುದನ್ನು ನೋಡಬೇಕು ಎನ್ನುತ್ತಾಳೆ. ಏಪ್ರಿಲ್ ಕೆಂಪು ಜಿಂಕೆಗಳ ಬೆದೆಗಾಲ. ಅವೂ ಹೊರಗಿನಿಂದ ಬಂದವೇ. ಕತ್ತಲಾದ ಮೇಲೆ ಗುಡ್ಡದ ಮೇಲಿಂದ ಗಂಡು ಜಿಂಕೆಯ ಗರ್ಜನೆ ಕೇಳಿದರೆ ಮೊದಲ ಸಲ ಎದೆ ನಡುಗುತ್ತದಂತೆ.

ಎಲ್ಲಾ ಮುಗಿಯಿತು ಎಂದುಕೊಂಡಿದ್ದೆ. ನಿನ್ನೆ ರಾತ್ರಿ ಮಗಳು ನೋಟ್‌ಬುಕ್ ಎಳೆದುಕೊಂಡು ನೋಡಿದಳು. ಟೆಕಾಪೊ, ಔರಾಕಿ ಸೇರಿದ 4,300 ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶ 2012ರಿಂದ ಕತ್ತಲೆ ಆಕಾಶದ ರಕ್ಷಿತ ಪ್ರದೇಶ. ದೀಪಗಳಿಗೂ ಅಲ್ಲಿ ಕಟ್ಟುಪಾಡು. ಅವಳಿಗೆ ಎಲೆಗಿಂತ ಅದರ ಮೇಲೇ ಕಣ್ಣು.

"ಅಮ್ಮಾ, ಸೂರ್ಯ ಮುಳುಗೋದು ಬರ್ದಿದೀಯ. ಚಂದ್ರ ಹುಟ್ಟೋದು?"

ಕ್ಯಾಲೆಂಡರ್ ತಿರುವಿ ನೋಡಿದೆವು. ಟೆಕಾಪೊದ ಮೊದಲ ರಾತ್ರಿ ಹುಣ್ಣಿಮೆಯ ಮರುದಿನ. ಬೆಳದಿಂಗಳಲ್ಲಿ ನಕ್ಷತ್ರಗಳೆಲ್ಲ ಮಸುಕು. ಸುತ್ತನ್ನು ತಿರುಗಿಸಿ, ಆರೋಟೌನಿಗೆ ಮೊದಲು ಹೋಗಿ ಟೆಕಾಪೊವನ್ನು ಕೊನೆಗಿಟ್ಟರೆ, ಅಮಾವಾಸ್ಯೆಗೆ ಎರಡು ದಿನ ಉಳಿದಿರುತ್ತದೆ, ರಾತ್ರಿಯೆಲ್ಲ ಕಪ್ಪು ಆಕಾಶ. ಆದರೆ ಆಗ ಆರೋಟೌನ್ ತಲುಪುವುದು ಒಂಬತ್ತು ದಿನ ಮುಂಚೆ. ಎಲೆ ಪೂರ್ತಿ ಹಣ್ಣಾಗಿರುತ್ತದೋ ಇಲ್ಲವೋ.

ಅಕ್ಕನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳು ಹೇಳ್ದಂಗೆ ಮಾಡೇ. ಹೋದ್ಸಲ ಚಳಿ ತಿಂದೋಳು ಅವಳು" ಎಂದಳು.

ರಬ್ಬರ್ ತೆಗೆದುಕೊಂಡು ಮೊದಲ ಮೂರು ಕಾಲಂ ಅಳಿಸಿದೆ. ಆಮೇಲೆ ನಾಲ್ಕನೆಯದನ್ನೂ ಅಳಿಸಬೇಕಾಯಿತು, ಜಾಗ ಬದಲಾದರೆ ಹೊತ್ತೂ ಬದಲಾಗುತ್ತದಲ್ಲ. ಮಗಳು ಪಕ್ಕದಲ್ಲಿ ಸ್ಕೇಲ್ ಇಟ್ಟು ಐದನೆಯ ಗೆರೆ ಎಳೆಯುತ್ತಿದ್ದಾಳೆ. ಆರೋಟೌನಿನಲ್ಲಿ ಆ ಮೂರು ರಾತ್ರಿಗೆ ಜಾಗ ಇದೆಯೇ ಎಂದು ಅಕ್ಕ ನಾಳೆ ಬೆಳಿಗ್ಗೆ ಕೇಳಿ ಹೇಳುತ್ತಾಳೆ.